ಗೂಡ್ಸ್ ಶೆಡ್ ವಿಸ್ತರಣೆ: ಹಳಿ ಹಾಕುವ ಮೊದಲು ಹಾಕಬೇಕಾದ ಲೆಕ್ಕ

ಪ್ರಶ್ನೆ: ನಮ್ಮದು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಊರೊಳಗಿನ ರೈಲ್ವೆ ಗೂಡ್ಸ್ ಶೆಡ್‌ಗೆ ರಸಗೊಬ್ಬರ, ಸಿಮೆಂಟ್ ಮತ್ತು ಪಡಿತರದ ಅಕ್ಕಿ ಬರುತ್ತವೆ. ಇಲ್ಲಿಂದ ಮೆಕ್ಕೆಜೋಳ ಹೊರಗೆ ಹೋಗುತ್ತದೆ. ಈಗಿರುವ ಒಂದೇ ಲೈನಿನಲ್ಲಿ ಅರ್ಧ ರೇಕ್ (ಒಂದು ಸರಕು ರೈಲಿನ ವ್ಯಾಗನ್‌ಗಳ ಇಡೀ ಸಾಲಿಗೆ ರೇಕ್ ಎನ್ನುತ್ತಾರೆ) ಮಾತ್ರ ನಿಲ್ಲುತ್ತದೆ. ಮುಂಗಾರಿನ ಹೊತ್ತಿಗೆ ರೇಕುಗಳು ಹಿಂದಿನ ನಿಲ್ದಾಣಗಳಲ್ಲಿ ದಿನಗಟ್ಟಲೆ ಕಾಯುತ್ತವೆ, ನಮಗೆ ಡೆಮರೇಜ್ ಬೀಳುತ್ತದೆ. ಶೆಡ್ ವಿಸ್ತರಿಸುವ ಬಗ್ಗೆ ರೈಲ್ವೆಯವರು ವರ್ತಕರ ಸಂಘದ ಅಭಿಪ್ರಾಯ ಕೇಳಿದ್ದಾರೆ. ಎರಡನೇ ಲೈನ್ ಬೇಕೆಂದು ಕೆಲವರು, ಎಲ್ಲವನ್ನೂ ಊರ ಹೊರಗಿನ ನಿಲ್ದಾಣಕ್ಕೆ ಸ್ಥಳಾಂತರಿಸಬೇಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಎಷ್ಟು ಸಾಮರ್ಥ್ಯ ಬೇಕೆಂದು ಲೆಕ್ಕ ಹಾಕುವುದು ಹೇಗೆ? ನಾವು ಏನನ್ನು ಕೇಳಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದಾಗಿ ಸೇರಿಕೊಂಡಿವೆ, ಅವನ್ನು ಮೊದಲು ಬಿಡಿಸಿಕೊಳ್ಳದಿದ್ದರೆ ಮುಂದಿನ ಯಾವ ಲೆಕ್ಕವೂ ಸರಿಹೋಗುವುದಿಲ್ಲ. ರೇಕ್ ಶೆಡ್ಡಿನ ಲೈನಿಗೆ ಬಂದು ನಿಂತು, ಇಳಿಸಿಕೊಳ್ಳಲು ರೈಲ್ವೆ ಕೊಡುವ ಉಚಿತ ಅವಧಿ ಮುಗಿದ ಮೇಲೂ ಖಾಲಿಯಾಗದಿದ್ದರೆ ಬೀಳುವುದು ಡೆಮರೇಜ್. ಇಳಿಸಿದ ಸರಕನ್ನು ಹೊತ್ತಿಗೆ ಸರಿಯಾಗಿ ವಾರ್ಫಿನಿಂದ, ಅಂದರೆ ಲೈನಿನ ಪಕ್ಕದ ಸರಕು ಕಟ್ಟೆಯಿಂದ, ಸಾಗಿಸದಿದ್ದರೆ ಬೀಳುವುದು ವಾರ್ಫೇಜ್. ಇವೆರಡೂ ಶೆಡ್ಡಿನೊಳಗಿನ ಕೆಲಸದ ವೇಗಕ್ಕೆ ಸಂಬಂಧಿಸಿದವು. ಲೈನ್ ಖಾಲಿಯಿಲ್ಲವೆಂದು ರೇಕ್ ಹಿಂದಿನ ನಿಲ್ದಾಣದಲ್ಲಿ ಕಾಯುವುದು ಮಾತ್ರ ಲೈನಿನ ಮೇಲಿನ ಒತ್ತಡಕ್ಕೆ ಸಂಬಂಧಿಸಿದ್ದು. ಅಲ್ಲಿ ಸಾಮಾನ್ಯವಾಗಿ ರೈಲ್ವೆಗೆ ವ್ಯಾಗನ್ನಿನ ದಿನಗಳು ನಷ್ಟವಾಗುತ್ತವೆ, ನಿಮಗೆ ಸರಕು ತಡವಾಗುತ್ತದೆ. ಎರಡನೇ ಲೈನ್ ಹಾಕಿದರೆ ಈ ಕಾಯುವಿಕೆ ಕಡಿಮೆಯಾಗಬಹುದು, ಆದರೆ ಡೆಮರೇಜ್ ಕಡಿಮೆಯಾಗಲೇಬೇಕೆಂದಿಲ್ಲ. ಶೆಡ್ಡಿನೊಳಗಿನ ಕೆಲಸ ಈಗಿನ ವೇಗದಲ್ಲೇ ಉಳಿದರೆ, ಎರಡು ರೇಕುಗಳು ಒಟ್ಟಿಗೆ ನಿಂತು ಎರಡಕ್ಕೂ ಡೆಮರೇಜ್ ಬೀಳುವ ಸಂದರ್ಭವೂ ಬರುತ್ತದೆ.

ಆದ್ದರಿಂದ ಸಂಘವು ಮೊದಲು ಮಾಡಬೇಕಾದ ಕೆಲಸ ಬೇಡಿಕೆಯ ಪತ್ರ ಬರೆಯುವುದಲ್ಲ, ಗಂಟೆಗಳ ಲೆಕ್ಕ ತೆಗೆಯುವುದು. ರೈಲ್ವೆಯ ಸರಕು ಸಾಗಣೆ ಮಾಹಿತಿ ವ್ಯವಸ್ಥೆಯಾದ ಎಫ್‌ಒಐಎಸ್‌ನಲ್ಲಿ ಪ್ರತಿಯೊಂದು ರೇಕ್ ಯಾವಾಗ ನಿಲ್ದಾಣಕ್ಕೆ ಬಂತು, ಯಾವಾಗ ವಾರ್ಫಿಗೆ ಹಚ್ಚಲಾಯಿತು, ಇಳಿಸುವುದು ಯಾವಾಗ ಮುಗಿಯಿತು, ಖಾಲಿ ರೇಕ್ ಯಾವಾಗ ಹೊರಟಿತು ಎಂಬುದು ದಾಖಲಾಗುತ್ತದೆ. ಕಳೆದ ಮೂರು ವರ್ಷಗಳ ಈ ವಿವರವನ್ನು ವಿಭಾಗೀಯ ಕಚೇರಿಯ ವಾಣಿಜ್ಯ ಶಾಖೆಯಿಂದ ಕೇಳಿ ಪಡೆಯಿರಿ. ಸಂಘದ ಸದಸ್ಯರ ಬಳಿ ಇರುವ ರೈಲ್ವೆ ರಸೀದಿ ಮತ್ತು ಲಾರಿ ಬಾಡಿಗೆಯ ಚೀಟಿಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ. ರೇಕ್ ಶೆಡ್ಡಿನಲ್ಲಿ ಕಳೆದ ಒಟ್ಟು ಸಮಯದಲ್ಲಿ ಶಂಟಿಂಗಿಗೆ (ಇಂಜಿನ್ನಿನಿಂದ ವ್ಯಾಗನ್‌ಗಳನ್ನು ಬೇರ್ಪಡಿಸಿ ಅತ್ತಿತ್ತ ಸರಿಸುವುದಕ್ಕೆ) ಎಷ್ಟು ಹೋಯಿತು, ಹಮಾಲರು ಬರುವವರೆಗೆ ಎಷ್ಟು ಹೋಯಿತು, ಲಾರಿ ಇಲ್ಲದೆ ಎಷ್ಟು ಹೋಯಿತು, ಖಾಲಿಯಾದ ಮೇಲೆ ಇಂಜಿನ್ನಿಗಾಗಿ ಎಷ್ಟು ಹೋಯಿತು ಎಂದು ವಿಂಗಡಿಸಿ. ಈ ನಾಲ್ಕರಲ್ಲಿ ಯಾವುದು ದೊಡ್ಡದೋ ನಿಮ್ಮ ವಿಸ್ತರಣೆ ಅಲ್ಲಿಂದ ಶುರುವಾಗಬೇಕು. ಟರ್ಮಿನಲ್ ಯೋಜನೆಗಳ ಬಗ್ಗೆ ನನ್ನ ದೃಢವಾದ ಅಭಿಪ್ರಾಯವೆಂದರೆ, ಹಳಿಯ ಉದ್ದವನ್ನೇ ಸಾಮರ್ಥ್ಯವೆಂದು ಭಾವಿಸಿ ಹಣ ಹಾಕಿದ ಕಡೆಗಳಲ್ಲಿ ಹೊಸ ಹಳಿಯು ಹೊಸ ನಿಲುಗಡೆಯ ಜಾಗವಾಗಿ ಮಾತ್ರ ಉಳಿದುಬಿಡುತ್ತದೆ.

ಸಾಮರ್ಥ್ಯದ ಲೆಕ್ಕವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಅಂಕಿಗಳು ಕಾಲ್ಪನಿಕ, ವಿಧಾನ ಮಾತ್ರ ನಿಜವಾದದ್ದು. ಮುಂಗಾರಿನ ಮುಂಚಿನ ಒಂದು ತಿಂಗಳಲ್ಲಿ 30 ರೇಕುಗಳು ಬರುತ್ತವೆ, ಅರ್ಧರ್ಧ ರೇಕ್ ಹಚ್ಚುವುದರಿಂದ ಪ್ರತಿಯೊಂದಕ್ಕೂ ಲೈನ್ 20 ಗಂಟೆ ಹಿಡಿದುಕೊಂಡಿರುತ್ತದೆ ಎಂದುಕೊಳ್ಳಿ. ಒಟ್ಟು 600 ಗಂಟೆ. ತಿಂಗಳಲ್ಲಿರುವುದು 720 ಗಂಟೆ. ಕಾಗದದ ಮೇಲೆ ಇನ್ನೂ 120 ಗಂಟೆ ಉಳಿದಿದೆ, ಆದ್ದರಿಂದ ತೊಂದರೆಯೇ ಇಲ್ಲ ಎಂದು ಅನ್ನಿಸಬಹುದು. ಆದರೆ ರೇಕುಗಳು ಸಮನಾದ ಅಂತರದಲ್ಲಿ ಬರುವುದಿಲ್ಲ, ಒಂದೊಂದು ರೇಕ್ ಇಳಿಸಲು ಹಿಡಿಯುವ ಸಮಯವೂ ಒಂದೇ ಆಗಿರುವುದಿಲ್ಲ. ಸರತಿಯ ಗಣಿತದ ಸರಳ ಸೂತ್ರದ ಪ್ರಕಾರ, ಒಂದೇ ಲೈನ್ ಶೇ 50ರಷ್ಟು ಸಮಯ ತುಂಬಿದ್ದಾಗ ಸರಾಸರಿ ಕಾಯುವಿಕೆ ಒಂದು ರೇಕ್ ಇಳಿಸುವ ಅವಧಿಯಷ್ಟಿರುತ್ತದೆ; ಶೇ 80 ತುಂಬಿದಾಗ ಅದರ ನಾಲ್ಕು ಪಟ್ಟು, ಶೇ 90 ತುಂಬಿದಾಗ ಒಂಬತ್ತು ಪಟ್ಟು. ನಮ್ಮ ಉದಾಹರಣೆಯಲ್ಲಿ ಲೈನ್ ಶೇ 83ರಷ್ಟು ತುಂಬಿದೆ. ಕಾಯುವಿಕೆ ಸುಮಾರು ಐದು ಪಟ್ಟು, ಅಂದರೆ 100 ಗಂಟೆ, ನಾಲ್ಕು ದಿನಕ್ಕೂ ಹೆಚ್ಚು. ವಾಸ್ತವದಲ್ಲಿ ರೈಲ್ವೆಯ ಕಂಟ್ರೋಲ್ ಕಚೇರಿ ಅಷ್ಟು ರೇಕುಗಳನ್ನು ಸೇರಗೊಡದೆ ಹಿಂದೆಯೇ ನಿಯಂತ್ರಿಸುತ್ತದೆ, ಹಾಗಾಗಿ ಸೂತ್ರದ ಅಂಕಿಯೇ ಕಣ್ಣಿಗೆ ಕಾಣುವುದಿಲ್ಲ. ನೀವು ಹೇಳಿದ ದಿನಗಟ್ಟಲೆ ಕಾಯುವಿಕೆಯ ಮೂಲ ಮಾತ್ರ ಇದೇ.

ಈಗ ಅದೇ ಒಂದು ಲೈನನ್ನು ಪೂರ್ಣ ರೇಕ್ ನಿಲ್ಲುವಷ್ಟು ಉದ್ದ ಮಾಡಿ, ರೇಕ್ ಒಡೆಯುವ ಮತ್ತು ಎರಡನೇ ಅರ್ಧವನ್ನು ತಂದು ಹಚ್ಚುವ ಶಂಟಿಂಗ್ ಹಾಗೂ ಅದಕ್ಕಾಗಿ ಇಂಜಿನ್ ಕಾಯುವ ಸಮಯವನ್ನು ಉಳಿಸಿದಿರಿ ಎನ್ನೋಣ. ಪ್ರತಿ ರೇಕಿಗೆ 20 ಗಂಟೆಯ ಬದಲು 14 ಗಂಟೆ ಸಾಕಾಯಿತು. ಲೈನ್ ಈಗ ಶೇ 58ರಷ್ಟು ಮಾತ್ರ ತುಂಬುತ್ತದೆ, ಕಾಯುವಿಕೆ 100 ಗಂಟೆಯಿಂದ ಸುಮಾರು 20 ಗಂಟೆಗೆ ಇಳಿಯುತ್ತದೆ. ಒಂದು ರೇಕಿನ ಮೇಲೆ ಉಳಿಸಿದ್ದು ಆರು ಗಂಟೆ, ಸರತಿಯಲ್ಲಿ ಉಳಿದದ್ದು ಎಂಬತ್ತು ಗಂಟೆ. ತುಂಬಿದ ಲೈನಿನಲ್ಲಿ ಉಳಿಸಿದ ಒಂದೊಂದು ಗಂಟೆಗೂ ಇಷ್ಟು ಬೆಲೆಯಿದೆ ಎಂಬುದನ್ನು ಸಂಘದ ಸಭೆಯಲ್ಲಿ ಎಲ್ಲರಿಗೂ ಮನವರಿಕೆ ಮಾಡಿಕೊಡುವುದು ಬಹಳ ಅಗತ್ಯ. ಇದರ ಮೇಲೆ ಎರಡನೇ ಪೂರ್ಣ ಲೈನನ್ನೂ ಹಾಕಿದರೆ ಅದೇ ಲೆಕ್ಕದಲ್ಲಿ ಕಾಯುವಿಕೆ ಒಂದೆರಡು ಗಂಟೆಗೆ ಇಳಿಯುತ್ತದೆ. ಆದರೆ ಆ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ: ಎರಡೂ ಲೈನುಗಳಲ್ಲಿ ಏಕಕಾಲಕ್ಕೆ ಪೂರ್ಣ ವೇಗದಲ್ಲಿ ಕೆಲಸ ನಡೆಯಬೇಕು. ಒಂದು ರೇಕಿಗೇ ಸಾಲದಷ್ಟು ಜನ ಮತ್ತು ಲಾರಿ ಇರುವ ಊರಿನಲ್ಲಿ ಅದು ನಡೆಯುವುದಿಲ್ಲ.

ಜನ ಮತ್ತು ಲಾರಿಯ ಲೆಕ್ಕವನ್ನು ಯಾರೂ ಮಾಡುವುದಿಲ್ಲವೆಂದೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಂದು ಚೀಲದ ಸರಕಿಗೆ ಬಳಕೆಯಾಗುವ ಮುಚ್ಚಿದ ವ್ಯಾಗನ್‌ಗಳಲ್ಲಿ ಮುಖ್ಯವಾದದ್ದು ಬಿಸಿಎನ್‌ಎಚ್‌ಎಲ್. ಅದರ ಪೂರ್ಣ ರೇಕಿನಲ್ಲಿ 58 ವ್ಯಾಗನ್‌ಗಳಿರುತ್ತವೆ. ವ್ಯಾಗನ್ನಿಗೆ 65 ಟನ್ ಎಂದು ಹಿಡಿದರೂ ರೇಕಿಗೆ 3,770 ಟನ್, 50 ಕಿಲೋ ತೂಕದ 75,400 ಚೀಲಗಳು. ಒಂಬತ್ತು ಗಂಟೆಗಳಲ್ಲಿ ಇಳಿಸಬೇಕೆಂದರೆ ಗಂಟೆಗೆ ಸುಮಾರು 8,400 ಚೀಲ. ವಿಶ್ರಾಂತಿಯನ್ನೂ ಸೇರಿಸಿ ಒಬ್ಬ ಹಮಾಲರು ಎರಡು ನಿಮಿಷಕ್ಕೊಂದು ಚೀಲ ಹೊರುತ್ತಾರೆ ಎಂದರೆ ಏಕಕಾಲಕ್ಕೆ 280 ಜನ ಬೇಕು. ಹಾಗೆ ದುಡಿದವರು ಆ ಒಂದು ಪಾಳಿಯಲ್ಲಿ ತಲಾ 13 ಟನ್ನಿಗೂ ಹೆಚ್ಚು ಭಾರ ಹೊತ್ತಿರುತ್ತಾರೆ. ನಿಮ್ಮ ಊರಿನ ಗೂಡ್ಸ್ ಶೆಡ್ಡಿನಲ್ಲಿ ನಡುರಾತ್ರಿ ರೇಕ್ ಬಂದರೆ ಎಷ್ಟು ಜನ ಸಿಗುತ್ತಾರೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ದೀಪ, ಕುಡಿಯುವ ನೀರು, ಶೌಚಾಲಯ, ಮಲಗಿ ಎದ್ದು ಬರಲು ಒಂದು ಕೋಣೆ ಇಲ್ಲದ ಕಡೆ ರಾತ್ರಿ ಪಾಳಿಯೆಂಬುದು ಸುತ್ತೋಲೆಯಲ್ಲಿ ಮಾತ್ರ ಇರುತ್ತದೆ. ವಿಸ್ತರಣೆಯ ಅಂದಾಜುಪಟ್ಟಿಯಲ್ಲಿ ಹಮಾಲರ ವಿಶ್ರಾಂತಿ ಗೃಹ ಕೊನೆಯ ಸಾಲಿನಲ್ಲಿದ್ದು, ಹಣ ಸಾಲದಾದಾಗ ಮೊದಲು ಕೈಬಿಟ್ಟುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಅದು ಹಳಿಯಷ್ಟೇ ಮುಖ್ಯವಾದ ಸಾಮರ್ಥ್ಯದ ಅಂಗ. ವ್ಯಾಗನ್ನಿನ ಬಾಗಿಲಿನಿಂದ ಲಾರಿಯವರೆಗೆ ಚೀಲ ಸಾಗಿಸುವ ಬೆಲ್ಟ್ ಕನ್ವೇಯರ್‌ಗಳನ್ನು ತರುವುದಾದರೆ ಹಮಾಲರ ಸಂಘಟನೆಯನ್ನು ಕೂರಿಸಿಕೊಂಡೇ ನಿರ್ಧರಿಸಬೇಕು; ಭಾರ ಇಳಿದು ಕೂಲಿ ಉಳಿಯುವ ಒಪ್ಪಂದ ಸಾಧ್ಯವಿದೆ, ಅವರನ್ನು ಹೊರಗಿಟ್ಟು ತಂದ ಯಂತ್ರ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ.

ಲಾರಿಗಳ ಲೆಕ್ಕವೂ ಇಷ್ಟೇ ನಿಷ್ಠುರವಾದದ್ದು. ಅದೇ 3,770 ಟನ್ನಿಗೆ 20 ಟನ್ನಿನ 189 ಲಾರಿಗಳು ಬೇಕು. ಒಂಬತ್ತು ಗಂಟೆಗೆ ಹಂಚಿದರೆ ಗಂಟೆಗೆ 21 ಲಾರಿ ಒಳಗೆ, 21 ಲಾರಿ ಹೊರಗೆ. ಒಂದು ಲಾರಿ ತುಂಬಲು 45 ನಿಮಿಷ ಹಿಡಿದರೆ ವಾರ್ಫಿನ ಪಕ್ಕದಲ್ಲಿ ಯಾವಾಗಲೂ 16 ಲಾರಿಗಳು ಹಿಮ್ಮುಖವಾಗಿ ಹಚ್ಚಿ ನಿಂತಿರಬೇಕು, ಅವುಗಳ ಹಿಂದೆ ಇನ್ನೊಂದು ಲಾರಿ ತಿರುಗಿಕೊಳ್ಳುವಷ್ಟು ಜಾಗವಿರಬೇಕು. ವೇಬ್ರಿಡ್ಜಿನಲ್ಲಿ ಒಂದು ಲಾರಿಗೆ ಮೂರು ನಿಮಿಷವಾದರೆ ಗಂಟೆಗೆ ಇಪ್ಪತ್ತೇ ಲಾರಿ ತೂಗಲು ಸಾಧ್ಯ. ಖಾಲಿ ಮತ್ತು ತುಂಬಿದ ಎರಡೂ ತೂಕ ನೋಡುವುದಾದರೆ ಹತ್ತು. ಹೀಗೆ ಕೋಟಿಗಟ್ಟಲೆ ಖರ್ಚಿನ ಎರಡು ಪೂರ್ಣ ಲೈನುಗಳ ವೇಗವನ್ನು ಗೇಟಿನ ಬಳಿಯ ಒಂದೇ ಒಂದು ತೂಕದ ಯಂತ್ರ ನಿರ್ಧರಿಸಿಬಿಡಬಹುದು. ಕಾಯುವ ಲಾರಿಗಳಿಗೆ ಒಳಗೆ ಜಾಗವಿಲ್ಲದಿದ್ದರೆ ಅವು ಊರಿನ ರಸ್ತೆಯಲ್ಲಿ ನಿಲ್ಲುತ್ತವೆ. ಊರವರ ದೂರು ಅಲ್ಲಿಂದಲೇ ಹುಟ್ಟುತ್ತದೆ. ಕಡಿಮೆಯೆಂದರೆ ಎರಡು ಗಂಟೆಯ ಲಾರಿಗಳು, ಅಂದರೆ ನಲವತ್ತಕ್ಕೂ ಹೆಚ್ಚು, ಆವರಣದೊಳಗೇ ನಿಲ್ಲುವಂತಿರಬೇಕು ಎಂದು ಕೇಳಿ. ಆವರಣದ ನೆಲ ಕಾಂಕ್ರೀಟಿನದಾಗಿರಲಿ. ಮಳೆಗಾಲಕ್ಕೆ ಕೆಸರಾಗುವ ನೆಲದಲ್ಲಿ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ, ರಸಗೊಬ್ಬರ ಬರುವುದು ಅದೇ ಕಾಲದಲ್ಲಿ.

ಇನ್ನು ಹಳಿಯ ವಿಷಯ. ಕಟ್ಟಡ, ಯಂತ್ರ, ಗೇಟು ಇವೆಲ್ಲವನ್ನೂ ನಾಳೆ ಬದಲಾಯಿಸಬಹುದು. ಲೈನಿನ ಉದ್ದ, ಅದರ ಏರಿಳಿತ ಮತ್ತು ಅದು ಮುಖ್ಯ ಮಾರ್ಗವನ್ನು ಸೇರುವ ಬಗೆಯನ್ನು ಒಮ್ಮೆ ನಿರ್ಧರಿಸಿದರೆ ಮೂವತ್ತು ನಲವತ್ತು ವರ್ಷ ಅದರೊಂದಿಗೇ ಬಾಳಬೇಕು. ಹಾಗಾಗಿ ಇರುವ ಹಣವನ್ನು ಮೊದಲು ಇಲ್ಲಿ ಹಾಕಿ, ಉಳಿದದ್ದನ್ನು ಹಂತಹಂತವಾಗಿ ಮಾಡುವುದು ಒಳ್ಳೆಯದು. ಬಿಸಿಎನ್‌ಎಚ್‌ಎಲ್ ವ್ಯಾಗನ್ನಿನ ಉದ್ದ ಸುಮಾರು 10.96 ಮೀಟರ್, 58 ವ್ಯಾಗನ್‌ಗಳಿಗೆ 636 ಮೀಟರ್, ಬ್ರೇಕ್ ವ್ಯಾನ್ ಮತ್ತು ಒಂದು ಇಂಜಿನ್ ಸೇರಿದರೆ 670 ಮೀಟರ್ ಆಗುತ್ತದೆ. ಭಾರತೀಯ ರೈಲ್ವೆಯಲ್ಲಿ ಲೂಪ್ ಲೈನುಗಳಿಗೆ (ಮುಖ್ಯ ಮಾರ್ಗದ ಪಕ್ಕದಲ್ಲಿ ರೈಲು ನಿಲ್ಲಿಸುವ ಹಳಿಗಳಿಗೆ) ಬಹುಕಾಲದಿಂದ ಇಟ್ಟುಕೊಂಡಿರುವ 686 ಮೀಟರ್‌ಗಳ ಮಾನದಂಡದಲ್ಲಿ ಇದು ಹಿಡಿಯುತ್ತದೆ. ಆದರೆ ಈಚೆಗೆ ಹೊಸ ಲೂಪುಗಳನ್ನು 750 ಮೀಟರ್ ಮಾಡುವ ಕಡೆಗೆ ರೈಲ್ವೆ ಸಾಗಿರುವುದರಿಂದ, ಹೊಸದಾಗಿ ಹಾಕುವ ಸರಕು ಲೈನನ್ನೂ ಅಷ್ಟಕ್ಕೇ ಯೋಜಿಸಬೇಕೆಂದು ಒತ್ತಾಯಿಸಿ. ಪ್ಲಾಟ್‌ಫಾರ್ಮ್ ಮಾತ್ರ ಮೊದಲ ಹಂತದಲ್ಲಿ 640 ಮೀಟರ್ ಇದ್ದರೆ ಸಾಕು.

ಏರಿಳಿತದ ವಿಷಯದಲ್ಲಿ ರಾಜಿಯೇ ಬೇಡ. ನಿಲ್ದಾಣದ ಅಂಗಳದ ಇಳಿಜಾರು 400ಕ್ಕೆ 1ಕ್ಕಿಂತ ಕಡಿದಾಗಿರಬಾರದು, 1,200ಕ್ಕೆ 1 ಇದ್ದರೆ ಒಳ್ಳೆಯದು ಎಂಬುದು ರೈಲ್ವೆಯ ಅಳತೆ ನಿಯಮ. ಎಪ್ಪತ್ತು ಹೆಜ್ಜೆಗೆ ಗೊತ್ತೇ ಆಗದ ಈ ಇಳಿಜಾರು 700 ಮೀಟರ್ ಉದ್ದದಲ್ಲಿ ಮೊದಲ ಲೆಕ್ಕಕ್ಕೆ 1.75 ಮೀಟರ್, ಎರಡನೆಯದಕ್ಕೆ 58 ಸೆಂಟಿಮೀಟರ್ ಎತ್ತರದ ವ್ಯತ್ಯಾಸ ಕೊಡುತ್ತದೆ. ರೋಲರ್ ಬೇರಿಂಗ್ ಇರುವ ವ್ಯಾಗನ್ನು ಸಣ್ಣ ಇಳಿಜಾರಿನಲ್ಲೂ ತಾನೇ ಉರುಳಿ ಹೋಗಬಲ್ಲದು, ಅದರ ಸುತ್ತ ಕೆಲಸ ಮಾಡುವವರು ನೂರಾರು ಜನ. ಜಾಗ ಉಳಿಸಲೆಂದು ಅಥವಾ ಮಣ್ಣಿನ ಕೆಲಸ ಕಡಿಮೆ ಮಾಡಲೆಂದು ಇಳಿಜಾರನ್ನು ಒಪ್ಪಿಕೊಂಡ ನಕ್ಷೆಗೆ ಸಂಘ ಒಪ್ಪಿಗೆ ಕೊಡಬಾರದು.

ಮುಖ್ಯ ಮಾರ್ಗದ ಜೋಡಣೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ಲೈನ್ ಎರಡೂ ತುದಿಗಳಲ್ಲಿ ಕೂಡುತ್ತದೆಯೇ, ಅಥವಾ ಒಂದು ಕಡೆ ಮುಚ್ಚಿದೆಯೇ? ಮುಚ್ಚಿದ್ದರೆ ಒಳಗೆ ಬಂದ ಇಂಜಿನ್ ರೇಕಿನ ಹಿಂದೆ ಸಿಕ್ಕಿಹಾಕಿಕೊಳ್ಳದಂತೆ ಅದು ತಪ್ಪಿಸಿಕೊಂಡು ಬರಲು ಪ್ರತ್ಯೇಕ ಎಸ್ಕೇಪ್ ಲೈನ್ ಬೇಕು. ಎರಡನೆಯದಾಗಿ, ಶೆಡ್ಡಿಗೆ ರೇಕ್ ಬರುವಾಗ ಮುಖ್ಯ ಮಾರ್ಗ ಎಷ್ಟು ಹೊತ್ತು ಕಟ್ಟಿಹೋಗುತ್ತದೆ? 700 ಮೀಟರಿನ ರೇಕ್ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ದಾಟಲು ಮೂರು ನಿಮಿಷ ಬೇಕು, 30 ಕಿಲೋಮೀಟರ್ ವೇಗಕ್ಕೆ ಅವಕಾಶವಿರುವ ಟರ್ನ್‌ಔಟ್, ಅಂದರೆ ಕವಲು ಹಳಿಯ ಜೋಡಣೆ, ಹಾಕಿದರೆ ಅದರರ್ಧ ಸಾಕು. ಪ್ರಯಾಣಿಕ ರೈಲುಗಳು ಒಂದರ ಹಿಂದೊಂದು ಓಡುವ ಬೆಂಗಳೂರು–ಹುಬ್ಬಳ್ಳಿಯಂಥ ಮಾರ್ಗದಲ್ಲಿ ಈ ನಿಮಿಷಗಳಿಗಾಗಿ ರೇಕ್ ಹೊರಗೆ ಗಂಟೆಗಟ್ಟಲೆ ಅವಕಾಶ ಕಾಯಬೇಕಾಗುತ್ತದೆ. ಮೂರನೆಯದು, ಜೋಡಿ ಮಾರ್ಗದಲ್ಲಿ ಶೆಡ್ ಯಾವ ಮಗ್ಗುಲಲ್ಲಿದೆ? ಎದುರು ದಿಕ್ಕಿನಿಂದ ಬರುವ ರೇಕುಗಳೇ ನಿಮ್ಮಲ್ಲಿ ಹೆಚ್ಚಾಗಿದ್ದರೆ ಪ್ರತಿ ಸಲವೂ ಅವು ಇನ್ನೊಂದು ಹಳಿಯನ್ನು ಅಡ್ಡ ಹಾಯಬೇಕು. ಮಂಗಳೂರು ಕಡೆಯ ರಸಗೊಬ್ಬರ, ಕಲಬುರಗಿ ಕಡೆಯ ಸಿಮೆಂಟ್, ಅಕ್ಕಿ ಇವು ಯಾವ ದಿಕ್ಕಿನಿಂದ ನಿಮ್ಮ ನಿಲ್ದಾಣವನ್ನು ಪ್ರವೇಶಿಸುತ್ತವೆ ಎಂಬುದನ್ನು ಮಗ್ಗುಲು ಆರಿಸುವ ಮೊದಲೇ ಪಟ್ಟಿ ಮಾಡಿ.

ವಿದ್ಯುದೀಕರಣದ ಬಗ್ಗೆ ಎಚ್ಚರಿಕೆಯ ಒಂದು ಮಾತು. ಮುಚ್ಚಿದ ವ್ಯಾಗನ್ನಿನ ಪಕ್ಕದ ಬಾಗಿಲಿನಿಂದ ಚೀಲ ಇಳಿಸುವಾಗ ಮೇಲಿನ ತಂತಿ ಅಷ್ಟಾಗಿ ಅಡ್ಡಿಯಲ್ಲ. ತೆರೆದ ವ್ಯಾಗನ್ನಿನಿಂದ ಯಂತ್ರದ ತೋಳಿನಲ್ಲಿ ಜಲ್ಲಿಯನ್ನೋ ಕಲ್ಲಿದ್ದಲನ್ನೋ ಎತ್ತುವಾಗ, ಕಂಟೈನರನ್ನು ಮೇಲಿನಿಂದ ಎತ್ತುವಾಗ 25,000 ವೋಲ್ಟಿನ ತಂತಿಯ ಕೆಳಗೆ ಕೆಲಸ ಮಾಡುವಂತಿಲ್ಲ. ಕೆಲಸ ನಡೆಯುವ ಭಾಗಕ್ಕೆ ತಂತಿ ಇಲ್ಲದಂತೆ, ಅಥವಾ ಬೀಗವಿರುವ ಐಸೊಲೇಟರಿನಿಂದ ಆ ಭಾಗದ ವಿದ್ಯುತ್ತನ್ನು ಕಡಿಯುವಂತೆ ಯೋಜನೆಯ ಹಂತದಲ್ಲೇ ವಿನ್ಯಾಸ ಮಾಡಬೇಕು. ಕಂಟೈನರಿನ ಪ್ರಸ್ತಾಪ ಬಂದದ್ದರಿಂದ ಇನ್ನೊಂದನ್ನು ಹೇಳುತ್ತೇನೆ: ತುಂಬಿದ ಕಂಟೈನರ್ ಹಿಡಿದ ರೀಚ್ ಸ್ಟ್ಯಾಕರ್ ಯಂತ್ರದ ಮುಂದಿನ ಅಚ್ಚಿನ ಮೇಲೆ ಸುಮಾರು 100 ಟನ್ ಭಾರ ಬೀಳುತ್ತದೆ, ಲಾರಿಗೆಂದು ಹಾಸಿದ ಕಾಂಕ್ರೀಟ್ ಅದನ್ನು ತಾಳುವುದಿಲ್ಲ. ಇಡೀ ಆವರಣವನ್ನು ಅದಕ್ಕಾಗಿ ಗಟ್ಟಿ ಮಾಡುವುದು ದುಂದು. ಒಂದು ತುದಿಯಲ್ಲಿ ಜಾಗ ಕಾಯ್ದಿರಿಸಿ, ಅಡಿಪಾಯದ ಮಣ್ಣನ್ನು ಮಾತ್ರ ಸರಿಯಾಗಿ ಕೂರಿಸಿಟ್ಟರೆ ಮುಂದೆ ಬೇಕಾದಾಗ ಮೇಲ್ಪದರ ಹಾಕಿಕೊಳ್ಳಬಹುದು.

ಬೇಡಿಕೆಯ ಮುನ್ನಂದಾಜಿನಲ್ಲಿ ನಮ್ಮವರು ಸಾಮಾನ್ಯವಾಗಿ ಈಗಿನ ರೇಕುಗಳ ಸಂಖ್ಯೆಗೆ ವರ್ಷಕ್ಕಿಷ್ಟು ಶೇಕಡಾ ಎಂದು ಸೇರಿಸುತ್ತಾ ಹೋಗುತ್ತಾರೆ. ನಿಮ್ಮ ಊರಿನ ನಾಲ್ಕು ಸರಕುಗಳಿಗೂ ಬೆಳವಣಿಗೆಯ ಕಾರಣ ಬೇರೆ ಬೇರೆ. ಪಡಿತರದ ಅಕ್ಕಿ ಸರ್ಕಾರದ ತೀರ್ಮಾನವನ್ನು ಅವಲಂಬಿಸಿದ್ದು, ಒಂದು ಆದೇಶದಿಂದ ಏರುತ್ತದೆ, ಇನ್ನೊಂದರಿಂದ ಇಳಿಯುತ್ತದೆ. ಸಿಮೆಂಟ್ ಕಟ್ಟಡಗಳ ಜೊತೆ ಬೆಳೆಯುತ್ತದೆ, ಆದರೆ ದೂರ ಕಡಿಮೆಯಿದ್ದಾಗ ಎರಡೆರಡು ಸಲ ಇಳಿಸಿ ಏರಿಸುವ ಖರ್ಚು ಬೀಳುವ ರೈಲಿಗಿಂತ ನೇರ ಬಾಗಿಲಿಗೆ ಹೋಗುವ ಲಾರಿ ಗೆಲ್ಲುತ್ತದೆ. ರಸಗೊಬ್ಬರದ ಒಟ್ಟು ಪ್ರಮಾಣ ಹೆಚ್ಚು ಬದಲಾಗದಿದ್ದರೂ ಕೆಲವೇ ವಾರಗಳಲ್ಲಿ ಒಟ್ಟೊಟ್ಟಿಗೆ ಬರುತ್ತದೆ. ಅದರ ಪರಿಹಾರ ಹೆಚ್ಚುವರಿ ಹಳಿಗಿಂತ ಶೆಡ್ಡಿಗೆ ಅಂಟಿಕೊಂಡ ಒಂದು ಗೋದಾಮು. ಐವತ್ತು ಕಿಲೋಮೀಟರ್ ದೂರದ ಸೊಸೈಟಿಗೆ ಹೋಗಿ ಬರುವ ಲಾರಿ ದಿನಕ್ಕೆ ಒಂದೆರಡು ಸುತ್ತು ಹಾಕಿದರೆ, ಅರ್ಧ ಕಿಲೋಮೀಟರ್ ದೂರದ ಗೋದಾಮಿಗೆ ಹೋಗುವ ಲಾರಿ ಎಷ್ಟೋ ಸುತ್ತು ಹಾಕುತ್ತದೆ, ಅಷ್ಟರಮಟ್ಟಿಗೆ ಲಾರಿಗಳ ಕೊರತೆಯೂ ನೀಗುತ್ತದೆ.

ಮೆಕ್ಕೆಜೋಳದ ಬಗ್ಗೆ ವಿಶೇಷವಾಗಿ ಯೋಚಿಸಿ. ಅದು ಕೋಳಿ ಆಹಾರಕ್ಕೆಂದು ಹೊರರಾಜ್ಯಕ್ಕೆ ಹೋಗುತ್ತಿದ್ದ ಸರಕು. ಈಚಿನ ವರ್ಷಗಳಲ್ಲಿ ದೇಶದಲ್ಲಿ ಎಥೆನಾಲ್ ತಯಾರಿಕೆಗೆ ಮೆಕ್ಕೆಜೋಳದ ಬಳಕೆ ಜೋರಾಗಿ ಏರಿದೆ. ನಿಮ್ಮ ಜಿಲ್ಲೆಯ ಸುತ್ತ ಡಿಸ್ಟಿಲರಿಗಳು ಬೆಳೆದರೆ ಜೋಳ ರೈಲು ಹತ್ತದೆ ಅಲ್ಲೇ ಲಾರಿಯಲ್ಲಿ ಹೋಗುತ್ತದೆ. ಹಾಗೆಂದು ಹೊರಹೋಗುವ ಸರಕನ್ನು ಯೋಜನೆಯಿಂದ ಬಿಡುವಂತಿಲ್ಲ, ಯಾಕೆಂದರೆ ತುಂಬಿ ಬಂದು ಖಾಲಿ ಹೋಗುವ ರೇಕಿಗಿಂತ ಎರಡೂ ಕಡೆ ತುಂಬಿಕೊಳ್ಳುವ ರೇಕು ರೈಲ್ವೆಗೆ ಬಹಳ ಪ್ರಿಯ, ನಿಮ್ಮ ಮಾತಿಗೆ ತೂಕ ಬರುವುದೂ ಅದರಿಂದಲೇ. ಎಪಿಎಂಸಿಯ ಆವಕದ ಅಂಕಿಗಳನ್ನು ಹತ್ತು ವರ್ಷದ್ದು ತೆಗೆಯಿರಿ. ಬರಗಾಲದ ವರ್ಷವೂ ಒಳ್ಳೆಯ ಮಳೆಯ ವರ್ಷವೂ ಅದರೊಳಗೆ ಬಂದಿರಲಿ. ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಸ್ಥಿತಿಗಳಿಗೆ ರೇಕುಗಳ ಸಂಖ್ಯೆ ಬರೆದು, ಯಾವ ಕಾಮಗಾರಿ ಮೂರರಲ್ಲೂ ಉಪಯುಕ್ತವೋ ಅದನ್ನು ಈಗ ಕೇಳಿ, ಹೆಚ್ಚಿನ ಸ್ಥಿತಿಯಲ್ಲಿ ಮಾತ್ರ ಬೇಕಾಗುವುದಕ್ಕೆ ಜಾಗ ಕಾಯ್ದಿರಿಸಿ. ನನ್ನ ಅಂದಾಜಿನಲ್ಲಿ ನಿಮ್ಮ ಊರಿಗೆ ಮೊದಲ ಗುಂಪಿನಲ್ಲಿ ಒಂದು ಪೂರ್ಣ ಉದ್ದದ ಲೈನ್, ಕಾಂಕ್ರೀಟ್ ಆವರಣ, ಗೋದಾಮು, ರಾತ್ರಿ ಕೆಲಸದ ಸೌಕರ್ಯ ಬರುತ್ತವೆ. ಎರಡನೇ ಲೈನ್ ಎರಡನೇ ಗುಂಪಿನದು. ಅದಕ್ಕೆ ಬೇಕಾದ ಮಣ್ಣಿನ ಕೆಲಸ ಮತ್ತು ಮೋರಿಗಳನ್ನು ಮಾತ್ರ ಈಗಲೇ ಮಾಡಿಸಿಕೊಂಡುಬಿಡಿ.

ಊರೊಳಗೋ ಊರ ಹೊರಗೋ ಎಂಬ ನಿಮ್ಮ ಸಂಘದ ಭಿನ್ನಾಭಿಪ್ರಾಯಕ್ಕೆ ಬರುತ್ತೇನೆ. ಬೆಂಗಳೂರಿನ ಉದಾಹರಣೆ ಎಲ್ಲರಿಗೂ ತಿಳಿದದ್ದು. ದೇಶದ ಮೊದಲ ಒಳನಾಡು ಕಂಟೈನರ್ ಡಿಪೋ 1981ರಲ್ಲಿ ಆರಂಭವಾದದ್ದು ಆ ನಗರದಲ್ಲಿಯೇ. ನಂತರದ ದಿನಗಳಲ್ಲಿ ವೈಟ್‌ಫೀಲ್ಡ್‌ನಲ್ಲಿ ರೈಲಿನಲ್ಲಿ ಕಂಟೈನರ್ ಸಾಗಿಸುವ ಕಾನ್‌ಕಾರ್ ಸಂಸ್ಥೆಯ ದೊಡ್ಡ ಡಿಪೋ ಬೆಳೆಯಿತು. ಅಂದು ಊರಾಚೆ ಇದ್ದ ಆ ಜಾಗದ ಸುತ್ತ ಇಂದು ಕಚೇರಿಗಳೂ ವಸತಿ ಸಮುಚ್ಚಯಗಳೂ ತುಂಬಿವೆ, ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಗರದಲ್ಲಿ ನಿರ್ಬಂಧವಿರುತ್ತದೆ. ಈಗ ದಾಬಸ್‌ಪೇಟೆ ಬಳಿಯ ಮುದ್ದಲಿಂಗನಹಳ್ಳಿಯಲ್ಲಿ ಸುಮಾರು 400 ಎಕರೆಯಲ್ಲಿ ಬಹುಮಾದರಿ ಲಾಜಿಸ್ಟಿಕ್ಸ್ ಪಾರ್ಕ್ ರೂಪಿಸಲು ಹೊರಟಿರುವುದು ರೈಲು ಮಾರ್ಗ ಮತ್ತು ಹೆದ್ದಾರಿ ಎರಡೂ ಕೈಗೆಟುಕುವ ಜಾಗ ಹುಡುಕಿಕೊಂಡು. ಹೊರಗೆ ಹೋಗುವುದರಿಂದಲೇ ತೊಂದರೆ ತೀರುವುದಿಲ್ಲ. ಹೊರಗಿನ ಜಾಗದ ಸುತ್ತಲಿನ ಭೂಬಳಕೆಯನ್ನು ಮಹಾಯೋಜನೆಯಲ್ಲಿ ಗೋದಾಮು ಮತ್ತು ಕೈಗಾರಿಕೆಗೆ ಕಾಯ್ದಿರಿಸದಿದ್ದರೆ ಇಪ್ಪತ್ತು ವರ್ಷಗಳಲ್ಲಿ ಅದೂ ಊರೊಳಗೇ ಬರುತ್ತದೆ. ಆದ್ದರಿಂದ ಸ್ಥಳಾಂತರದ ಚರ್ಚೆಗೆ ನಗರಾಭಿವೃದ್ಧಿ ಪ್ರಾಧಿಕಾರದವರನ್ನು ಕರೆಯದೆ ರೈಲ್ವೆಯೊಂದಿಗೆ ಮಾತ್ರ ಮಾತಾಡುವುದು ಅರ್ಧ ಕೆಲಸ.

ನಿರ್ಧಾರಕ್ಕೆ ನಾನು ಬಳಸುವ ಕಸೋಟಿ ಇದು. ಈಗಿನ ಜಾಗದಲ್ಲಿ ನೇರವಾದ, ಸಮತಟ್ಟಾದ 750 ಮೀಟರ್ ಲೈನ್ ಎರಡೂ ತುದಿಗಳ ಜೋಡಣೆಯೊಂದಿಗೆ ಸಿಗುತ್ತದೆಯೇ? ಲಾರಿಗಳು ಲೆವೆಲ್ ಕ್ರಾಸಿಂಗ್ ದಾಟದೆ, ಶಾಲೆ ಆಸ್ಪತ್ರೆಗಳ ಮುಂದೆ ಹಾಯದೆ ಹೆದ್ದಾರಿ ಸೇರಲು ರಸ್ತೆಯಿದೆಯೇ? ಸಿಮೆಂಟ್ ದೂಳು ಮನೆಗಳಿಗೆ ಹೋಗದಂತೆ ಮುಚ್ಚಿದ ವಾರ್ಫ್ ಮತ್ತು ಮರಗಳ ಸಾಲಿಗೆ ಅಂಚಿನಲ್ಲಿ ಜಾಗವಿದೆಯೇ? ಮೂರಕ್ಕೂ ಹೌದೆಂದರೆ ಊರೊಳಗೇ ವಿಸ್ತರಿಸಿ. ಹಮಾಲರ ಮನೆ, ಅಂಗಡಿ, ಬ್ಯಾಂಕು ಎಲ್ಲ ಹತ್ತಿರವಿರುವ ಅನುಕೂಲವನ್ನು ಸುಮ್ಮನೆ ಕಳೆದುಕೊಳ್ಳಬಾರದು. ಒಂದಕ್ಕಾದರೂ ಇಲ್ಲವೆಂಬ ಉತ್ತರ ಬಂದರೆ, ಅದರಲ್ಲೂ ಉದ್ದ ಸಿಗದಿದ್ದರೆ, ಹೊರಗೆ ಹೋಗಿ. ಅರ್ಧ ರೇಕಿನ ಶೆಡ್ಡನ್ನು ಮುಕ್ಕಾಲು ರೇಕಿಗೆ ವಿಸ್ತರಿಸುವ ಮಧ್ಯಮ ದಾರಿ ಯಾರಾದರೂ ಸೂಚಿಸಿದರೆ ಒಪ್ಪಬೇಡಿ: ರೇಕ್ ಒಡೆಯಲೇಬೇಕಾದ ಮೇಲೆ ಅರ್ಧವೂ ಮುಕ್ಕಾಲೂ ಶಂಟಿಂಗಿನ ಮಟ್ಟಿಗೆ ಒಂದೇ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯ ಅಗತ್ಯದ ಬಗ್ಗೆಯೂ ಆರಂಭದಲ್ಲೇ ವಿಚಾರಿಸಿಕೊಳ್ಳಿ.

ಹೊರಗಿನ ಜಾಗಕ್ಕೆ ಹೋಗುವುದಾದರೆ ಬಂಡವಾಳದ ಇನ್ನೊಂದು ದಾರಿ ನಿಮಗೆ ತೆರೆದಿದೆ. 2021ರ ಡಿಸೆಂಬರಿನಲ್ಲಿ ರೈಲ್ವೆ ಪ್ರಕಟಿಸಿದ ಗತಿ ಶಕ್ತಿ ಬಹುಮಾದರಿ ಸರಕು ಟರ್ಮಿನಲ್ ನೀತಿಯಡಿ ಖಾಸಗಿಯವರು ತಮ್ಮ ಜಮೀನಿನಲ್ಲಿ ಅರ್ಜಿ ಹಾಕಿ ಟರ್ಮಿನಲ್ ಕಟ್ಟಬಹುದು. ರೈಲ್ವೆ ಜಮೀನಿನಲ್ಲಾದರೆ ನಿರ್ವಾಹಕರನ್ನು ಟೆಂಡರ್ ಮೂಲಕ ಆರಿಸುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಇಂಥ ಟರ್ಮಿನಲ್‌ಗಳಿಗೆ ರೈಲ್ವೆ ಜಮೀನನ್ನು ಮಾರುಕಟ್ಟೆ ಮೌಲ್ಯದ ವಾರ್ಷಿಕ ಶೇ 1.5ರ ದರದಲ್ಲಿ 35 ವರ್ಷಗಳವರೆಗೆ ಗುತ್ತಿಗೆ ಕೊಡಲು ಒಪ್ಪಿಗೆ ನೀಡಿತು, ಐದು ವರ್ಷಗಳಲ್ಲಿ 300 ಟರ್ಮಿನಲ್‌ಗಳ ಗುರಿಯನ್ನೂ ಇಟ್ಟುಕೊಂಡಿತು. ವರ್ತಕರೇ ಕೂಡಿ ಕಂಪನಿಯೊಂದನ್ನು ಮಾಡಿಕೊಂಡು ಇದರಲ್ಲಿ ಇಳಿಯುವುದು ಸಾಧ್ಯವಿರುವ ಮಾತು. ಆದರೆ ವರ್ಷದ ಕೆಲವೇ ತಿಂಗಳು ತುಂಬುವ ಸರಕಿನ ಮೇಲೆ ಸಾಲ ಮಾಡಿ ಟರ್ಮಿನಲ್ ಕಟ್ಟುವ ಮುನ್ನ, ಮೇಲೆ ಹೇಳಿದ ಮೂರು ಸ್ಥಿತಿಗಳಲ್ಲಿ ಕಡಿಮೆಯ ಸ್ಥಿತಿಯಲ್ಲೂ ಕಂತು ಕಟ್ಟಲು ಆದೀತೇ ಎಂದು ನೋಡಿ. ಆಗದಿದ್ದರೆ ರೈಲ್ವೆಯ ಗೂಡ್ಸ್ ಶೆಡ್ಡಾಗಿಯೇ ಉಳಿಯುವುದು ನಿಮ್ಮ ಸಣ್ಣ ವರ್ತಕರಿಗೆ ಕ್ಷೇಮ. ಯಾರ ಸರಕಿಗೂ ತೆರೆದಿರುವ ಸಾಮಾನ್ಯ ಶೆಡ್ ಒಂದು ಊರಿಗೆ ಇರಲೇಬೇಕೆಂದು ನಾನು ನಂಬುತ್ತೇನೆ.

ವಿಭಾಗದಲ್ಲಿ ಈ ಕೆಲಸವನ್ನು ನೋಡಿಕೊಳ್ಳುವುದು ಗತಿ ಶಕ್ತಿ ಘಟಕ. ಮೊದಲು ಪರಿಕಲ್ಪನಾ ನಕ್ಷೆ, ನಂತರ ಇಎಸ್‌ಪಿ ಎಂದು ಕರೆಯುವ ಅಳತೆಯ ಎಂಜಿನಿಯರಿಂಗ್ ನಕ್ಷೆ, ಅದರ ಮೇಲೆ ಸಿಗ್ನಲ್ ನಕ್ಷೆ ತಯಾರಾಗುತ್ತದೆ. ಇಎಸ್‌ಪಿಗೆ ಸಹಿ ಬಿದ್ದ ಮೇಲೆ ಉದ್ದ, ಮಗ್ಗುಲು, ಜೋಡಣೆ ಯಾವುದನ್ನೂ ಬದಲಾಯಿಸುವುದು ಬಹಳ ಕಷ್ಟ, ಆದ್ದರಿಂದ ನಿಮ್ಮ ಅಭಿಪ್ರಾಯ ಪರಿಕಲ್ಪನೆಯ ಹಂತದಲ್ಲೇ ಅಂಕಿಗಳ ಸಮೇತ ತಲುಪಬೇಕು. ಕಾಮಗಾರಿಯ ಅನುಕ್ರಮವನ್ನೂ ಆಗಲೇ ಕೇಳಿ. ಹಳೆಯ ಲೈನನ್ನು ಕಿತ್ತು ಅದೇ ಜಾಗದಲ್ಲಿ ಹೊಸದನ್ನು ಹಾಕುವ ಯೋಜನೆಯಲ್ಲಿ ಒಂದು ವರ್ಷ ರೇಕುಗಳು ನೆರೆಯ ಊರಿಗೆ ಹೋಗುತ್ತವೆ, ಒಮ್ಮೆ ಹೋದ ಸರಕು ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಹೊಸ ಪೂರ್ಣ ಲೈನನ್ನು ಪಕ್ಕದಲ್ಲಿ ಮೊದಲು ಕಟ್ಟಿ, ಮುಖ್ಯ ಮಾರ್ಗಕ್ಕೆ ಜೋಡಿಸುವ ಕೆಲಸವನ್ನು ರಸಗೊಬ್ಬರದ ಒತ್ತಡವಿಲ್ಲದ ಜನವರಿ–ಮಾರ್ಚ್ ತಿಂಗಳುಗಳಲ್ಲಿ ಮುಗಿಸಿ, ಆ ಲೈನ್ ಒಂದು ಮುಂಗಾರನ್ನು ಪೂರ್ತಿಯಾಗಿ ನಿಭಾಯಿಸಿದ ಮೇಲೆಯೇ ಹಳೆಯ ಅರ್ಧ ಲೈನನ್ನು ಮುಚ್ಚಬೇಕು ಎಂಬ ಷರತ್ತನ್ನು ಸಭೆಯ ನಡಾವಳಿಯಲ್ಲಿ ಬರೆಯಿಸಿ, ಅದರ ಪ್ರತಿಯನ್ನು ಪಡೆದುಕೊಳ್ಳಿ.